ಹೆಸರಿಲ್ಲದೆ ಮಣ್ಣಾದ ಮಕ್ಕಳು: ಹಳೆಯ ಕಡತ ಹಿಡಿದು ಗುರುತು ಹಚ್ಚುವ ಬಗೆ

'ವಯಸ್ಸು ಸುಮಾರು 20, ಎತ್ತರ 5.4 ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು.' ಪತ್ರಿಕೆಯ ಒಳಪುಟದಲ್ಲಿ ಇಂಥ ಪ್ರಕಟಣೆ ನೋಡದವರಿಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ವಿವರಕ್ಕೆ ಹೊಂದುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಆದ್ದರಿಂದಲೇ ಇದು ಯಾರನ್ನೂ ಗುರುತಿಸುವುದಿಲ್ಲ. ಮಗ ಕಾಣೆಯಾಗಿದ್ದಾನೆಂಬ ದೂರು ಒಂದು ಠಾಣೆಯಲ್ಲಿ ಇರುತ್ತದೆ. ಅವನದೇ ಶವದ ಕಡತ ನಲವತ್ತು ಮೈಲಿ ಆಚೆಯ ಇನ್ನೊಂದು ಠಾಣೆಯಲ್ಲಿ ಇರುತ್ತದೆ. ಎರಡೂ ಕಡತ ಒಂದೇ ಮೇಜಿಗೆ ಬರದೆ ವರ್ಷಗಳು ಕಳೆಯುತ್ತವೆ. ಆ ಎರಡು ಕಡತಗಳನ್ನು ಒಂದುಗೂಡಿಸುವುದು ಹೇಗೆಂದು ಕಾಣೆಯಾದವರ ಮನೆಯವರಿಗೆ ಮತ್ತು ಅವರ ಜೊತೆ ಓಡಾಡುವವರಿಗೆ ಇಲ್ಲಿ ಹೇಳಿದ್ದೇವೆ.

ಮೊದಲು ಮನೆಯ ಕಡೆಯ ಕಡತ

ದೂರು ನಿಜಕ್ಕೂ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. 'ಕಂಪ್ಲೇಂಟ್ ಕೊಟ್ಟಿದ್ದೆವು' ಎನ್ನುವ ಎಷ್ಟೋ ಮನೆಗಳಲ್ಲಿ ಅಪರಾಧ ಸಂಖ್ಯೆಯೇ ಇರುವುದಿಲ್ಲ, ಅರ್ಜಿಯ ಸ್ವೀಕೃತಿ ಚೀಟಿ ಮಾತ್ರ ಇರುತ್ತದೆ. 18 ತುಂಬದ ಮಗು ಕಾಣೆಯಾದರೆ ಎಫ್‌ಐಆರ್ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಆದೇಶಿಸಿತು. ಅದಕ್ಕೂ ಹಿಂದಿನ ಪ್ರಕರಣವಾದರೆ ಎಫ್‌ಐಆರ್ ಇಲ್ಲದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಈಗಲಾದರೂ ಹೊಸ ದೂರು ಕೊಡಿ. ತಡವಾಯಿತೆಂದು ನಿರಾಕರಿಸುವಂತಿಲ್ಲ. ಘಟನೆ ನಮ್ಮ ಸರಹದ್ದಿನದಲ್ಲ ಎಂದೂ ವಾಪಸು ಕಳಿಸುವಂತಿಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್ಎಸ್ಎಸ್) 173ನೇ ಕಲಂ ಪ್ರಕಾರ ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು. ಮುಂದೆ ಡಿಎನ್ಎ ಹೋಲಿಕೆ ಕೇಳುವಾಗ ಎಫ್‌ಐಆರ್‌ನ ಅಪರಾಧ ಸಂಖ್ಯೆಯ ಆಧಾರದ ಮೇಲೆಯೇ ಕೇಳಬೇಕಾಗುತ್ತದೆ.

ಆಮೇಲೆ ಮೈಗುರುತಿನ ಪಟ್ಟಿ ಮಾಡಿ. ಮೈಬಣ್ಣ, ಮುಖದ ಆಕಾರ, ಕೂದಲ ಉದ್ದ ಪಟ್ಟಿಯ ಕೊನೆಗಿರಲಿ. ನೀರಲ್ಲಿ ಎರಡು ಮೂರು ದಿನ ಇದ್ದ ದೇಹ ಊದಿಕೊಂಡು ಕಪ್ಪಾಗಿ ಹೆತ್ತವರಿಗೂ ಗುರುತು ಸಿಗದಂತಾಗುತ್ತದೆ. ಬೇರೆಯವರ ಮಗುವನ್ನು ತಮ್ಮದೆಂದು ಒಪ್ಪಿಕೊಂಡು ಬಿಡುವುದೂ ಉಂಟು. ಮೊದಲು ಬರೆಯಬೇಕಾದದ್ದು ಮೂಳೆ ಮತ್ತು ಹಲ್ಲಿನ ವಿಷಯ. ಎಂದಾದರೂ ಕೈಕಾಲು ಮುರಿದಿತ್ತೇ, ಯಾವ ಕೈ, ಯಾವ ವರ್ಷ, ಯಾವ ಆಸ್ಪತ್ರೆ, ರಾಡು ಪ್ಲೇಟು ಹಾಕಿದ್ದರೇ? ಒಳಗೆ ಕೂರಿಸುವ ಪ್ಲೇಟಿನ ಮೇಲೆ ತಯಾರಕರ ಗುರುತೂ ಬ್ಯಾಚ್ ಸಂಖ್ಯೆಯೂ ಕೊರೆದಿರುತ್ತವೆ. ಹಳೆಯ ಎಕ್ಸ್‌ರೇ ಹಾಳೆ ಅಟ್ಟದ ಮೇಲೆ ಎಲ್ಲಿದ್ದರೂ ಹುಡುಕಿ ತೆಗೆಯಿರಿ. ಹಲ್ಲು ಕೀಳಿಸಿದ್ದರೆ ಯಾವ ಬದಿ, ಮೇಲಿನದೋ ಕೆಳಗಿನದೋ ಎಂದು ಬರೆಯಿರಿ. ಸಿಮೆಂಟ್ ತುಂಬಿಸಿದ್ದು, ಹಲ್ಲಿನ ಮೇಲೆ ಹಲ್ಲು ಬಂದದ್ದು, ಮುಂದಿನ ಹಲ್ಲು ಮುರಿದದ್ದು ಎಲ್ಲವೂ ಬೇಕು. ಫೋಟೊ ಆರಿಸುವಾಗ ಸ್ಟುಡಿಯೋದ ಪಾಸ್‌ಪೋರ್ಟ್ ಚಿತ್ರಕ್ಕಿಂತ ಮದುವೆ ಮನೆಯಲ್ಲೋ ಶಾಲೆಯ ಪ್ರವಾಸದಲ್ಲೋ ಹಲ್ಲು ಕಾಣುವಂತೆ ನಕ್ಕ ಚಿತ್ರ ಮೇಲು. ತಲೆಬುರುಡೆಯ ಮೇಲೆ ಚಿತ್ರ ಹೊಂದಿಸಿ ನೋಡುವ ಪರೀಕ್ಷೆಗೆ ಹಲ್ಲಿನ ಸಾಲೇ ಮುಖ್ಯ. ಆ ಪರೀಕ್ಷೆ 'ಇವರಲ್ಲ' ಎನ್ನುವುದಕ್ಕೆ ಗಟ್ಟಿ ಆಧಾರ. 'ಇವರೇ' ಎನ್ನಲು ಅದೊಂದೇ ಸಾಲದು.

ಎತ್ತರವನ್ನು ಸೆಂಟಿಮೀಟರಿನಲ್ಲೇ ಬರೆಯಿರಿ. ನಮ್ಮಲ್ಲಿ 5 ಅಡಿ 10 ಅಂಗುಲವನ್ನು '5.10' ಎಂದು ಬರೆಯುವ ರೂಢಿ ಇದೆ. ಕಂಪ್ಯೂಟರಿಗೆ ಅಂಕಿಯಾಗಿ ಏರಿಸಿದಾಗ ಕೊನೆಯ ಸೊನ್ನೆ ಬಿದ್ದುಹೋಗಿ ಅದು '5.1' ಆಗುತ್ತದೆ. 178 ಸೆಂ.ಮೀ. ಎತ್ತರದ ಹುಡುಗ 155 ಸೆಂ.ಮೀ. ಆಗಿಬಿಟ್ಟ. ಇಂಥ ಒಂದು ಸೊನ್ನೆಯಿಂದ ಹೋಲಿಕೆ ತಪ್ಪುತ್ತದೆ. ಇನ್ನೊಂದು ಮಾತು, ಎಳೆಯರು ಬೆಳೆಯುತ್ತಾರೆ. 14ಕ್ಕೆ ಮನೆ ಬಿಟ್ಟ ಹುಡುಗ 17ರ ಹೊತ್ತಿಗೆ ಅರ್ಧ ಗೇಣಿನಷ್ಟು ಎತ್ತರವಾಗಿರಬಹುದು. ಮನೆ ಬಿಟ್ಟ ದಿನವೇ ಸತ್ತ ದಿನ ಎಂದುಕೊಂಡು ಉದ್ದದ ಶವಗಳನ್ನೆಲ್ಲ ಪಟ್ಟಿಯಿಂದ ತೆಗೆಯಬೇಡಿ. ಹೆಣ್ಣುಮಕ್ಕಳಲ್ಲಿ 15–16ರ ನಂತರ ಎತ್ತರ ಅಷ್ಟಾಗಿ ಬದಲಾಗುವುದಿಲ್ಲ.

ಮಗುವಿನ ಸ್ವಂತ ಡಿಎನ್ಎ ಸಿಗುವ ವಸ್ತು ಮನೆಯಲ್ಲಿದೆಯೇ ನೋಡಿ. ಬಿದ್ದ ಹಾಲುಹಲ್ಲನ್ನು ನಾವು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವವರು, ಹಾಗಾಗಿ ಅದು ಸಿಗುವುದು ಅಪರೂಪ. ಆದರೆ ಒಣಗಿದ ಹೊಕ್ಕುಳಬಳ್ಳಿಯನ್ನು ತಾಯಿತದೊಳಗೆ ಹಾಕಿಟ್ಟ ಮನೆಗಳು ಇನ್ನೂ ಇವೆ. ಅದು ಮಗುವಿನದೇ ಅಂಶ. ತಾಯಿತವನ್ನು ಬಿಚ್ಚಬೇಡಿ, ತೊಳೆಯಬೇಡಿ, ಪೂಜೆಗೆಂದು ಅರಿಸಿನ ಕುಂಕುಮ ಹಚ್ಚಬೇಡಿ. ಹಾಗೆಯೇ ಕಾಗದದ ಲಕೋಟೆಯಲ್ಲಿಟ್ಟು ಮೇಲೆ ಹೆಸರು, ಹುಟ್ಟಿದ ದಿನ ಬರೆದಿಡಿ. ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್ ಇದ್ದರೆ ಒಂದೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಕವರು ಬೇಡವೇ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಅದರೊಳಗೆ ಬೆವರು ಕಟ್ಟಿ ಬೂಷ್ಟು ಹಿಡಿದು ಎಲ್ಲ ಹಾಳಾಗುತ್ತದೆ.

ಯಾವ ಠಾಣೆಯಲ್ಲಿ ಹುಡುಕಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಮನೆಯ ಹತ್ತಿರದ ಠಾಣೆಯಲ್ಲಿ ಕೇಳಿ ಸುಮ್ಮನಾಗುತ್ತಾರೆ. ಶವ ಠಾಣೆಯ ಸರಹದ್ದು ನೋಡಿಕೊಂಡು ನಿಲ್ಲುವುದಿಲ್ಲ.

ಹೊಳೆಯ ಹರಿವು ಹಿಡಿದು ಹೋಗಿ. ಮೂಡಿಗೆರೆ ಕಡೆ ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟೆಗೆ ಬಂದು, ಅಲ್ಲಿಂದ ಹೊಳೆನರಸೀಪುರದ ಮೇಲೆ ಕೆಆರ್‌ಎಸ್ ಹಿನ್ನೀರಿನತ್ತ ಸಾಗುತ್ತದೆ. ಮೂಡಿಗೆರೆಯಲ್ಲಿ ಕಾಣೆಯಾದವನನ್ನು ಹಾಸನ ಜಿಲ್ಲೆಯ ಠಾಣೆಗಳಲ್ಲಿ, ಮಳೆ ಜೋರಿದ್ದ ವರ್ಷವಾದರೆ ಮಂಡ್ಯ, ಮೈಸೂರು ಕಡೆಯಲ್ಲೂ ಕೇಳಬೇಕು. ಭದ್ರಾ ಕಳಸ, ಬಾಳೆಹೊನ್ನೂರು, ನರಸಿಂಹರಾಜಪುರದ ಮೇಲೆ ಲಕ್ಕವಳ್ಳಿ ಅಣೆಕಟ್ಟೆಗೆ ಬರುತ್ತದೆ. ತುಂಗಾ ಶೃಂಗೇರಿಯಿಂದ ತೀರ್ಥಹಳ್ಳಿಗೆ, ಅಂದರೆ ಶಿವಮೊಗ್ಗ ಜಿಲ್ಲೆಗೆ ಹೋಗುತ್ತದೆ. ಅಣೆಕಟ್ಟೆಯ ಆಳದ ತಣ್ಣೀರಿನಲ್ಲಿ ಶವ ಮೇಲೇಳಲು ತಡವಾಗುತ್ತದೆ, ಕೆಲವೊಮ್ಮೆ ಬೇಸಿಗೆಯಲ್ಲಿ ಹಿನ್ನೀರು ಇಳಿದ ಮೇಲೆ ಮೂಳೆಯಾಗಿ ಸಿಗುತ್ತದೆ. ಆದ್ದರಿಂದ ಕಾಣೆಯಾದ ದಿನದಿಂದ ಮುಂದಿನ ಎರಡು ಬೇಸಿಗೆಯವರೆಗಾದರೂ ದಾಖಲೆ ತೆಗೆಸಿ ನೋಡಿ.

ಘಾಟಿಗಳಲ್ಲಿ ಜಿಲ್ಲೆಯ ಗಡಿಯೇ ತೊಡಕು. ಚಾರ್ಮಾಡಿಯ ಮೇಲ್ಭಾಗ ಮೂಡಿಗೆರೆ ತಾಲ್ಲೂಕು, ಕೆಳಭಾಗ ಬೆಳ್ತಂಗಡಿ. ಶಿರಾಡಿಯಲ್ಲಿ ಸಕಲೇಶಪುರ ಒಂದು ಕಡೆ, ದಕ್ಷಿಣ ಕನ್ನಡ ಇನ್ನೊಂದು ಕಡೆ. ಎರಡೂ ಬದಿಯಲ್ಲಿ ಕೇಳದೆ ಹುಡುಕಾಟ ಮುಗಿಯದು.

ರೈಲು ಹಳಿಯ ಮೇಲೆ ಸಿಕ್ಕ ಶವದ ಕಡತ ಊರಿನ ಠಾಣೆಯಲ್ಲಿ ಇರುವುದಿಲ್ಲ, ರೈಲ್ವೆ ಪೊಲೀಸರ ಬಳಿ ಇರುತ್ತದೆ. ಅರಸೀಕೆರೆ, ಬೀರೂರು ಜಂಕ್ಷನ್‌ಗಳು ಇರುವ ಸೀಮೆ ಇದು. ಹುಬ್ಬಳ್ಳಿ ಕಡೆ ಹೊರಟವನು ಕಡೂರಿನ ಬಳಿ ಬಿದ್ದಿರಬಹುದು. ಅರಸೀಕೆರೆಯ ರೈಲ್ವೆ ಪೊಲೀಸ್ ಠಾಣೆಯನ್ನು ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ.

ಕಾಫಿ ತೋಟದ ಆಳುಗಳ ಲೈನ್ ಮನೆಗಳಲ್ಲಿ ಸತ್ತ, ಅಥವಾ ತೋಟದ ಕೆರೆಯಲ್ಲಿ ಸಿಕ್ಕ ಹುಡುಗ ಹುಡುಗಿಯರ ವಿಷಯವೇ ಬೇರೆ. ಅಸ್ಸಾಂ, ಜಾರ್ಖಂಡ್, ಒಡಿಶಾದಿಂದ ಕಾಫಿ ಕೊಯ್ಲಿಗೆ ಬಂದವರ ಕಾಣೆ ದೂರು, ಇದ್ದರೆ, ಅವರ ಊರಿನ ಠಾಣೆಯಲ್ಲಿ ಇರುತ್ತದೆ. ಇಲ್ಲಿ ಕನ್ನಡ ಪತ್ರಿಕೆಯಲ್ಲಿ ಹಾಕಿಸಿದ ಪ್ರಕಟಣೆ ಆ ಮನೆಗೆ ಮುಟ್ಟುವುದಾದರೂ ಹೇಗೆ? ತೋಟದ ಲೆಕ್ಕ ಬರೆಯುವ ರೈಟರನ್ನೂ ಆಳು ಕರೆತಂದ ಮೇಸ್ತ್ರಿಯನ್ನೂ ವಿಚಾರಿಸಿ. ಆ ಹಂಗಾಮಿನ ಬಟವಾಡೆ ಪುಸ್ತಕದಲ್ಲಿ ಅರ್ಧಕ್ಕೆ ನಿಂತ ಹೆಸರು ಯಾವುದು ಎಂದು ನೋಡಿಸಿ. ಪ್ರಕಟಣೆಯನ್ನು ಹಿಂದಿ, ಬಂಗಾಳಿ, ಅಸ್ಸಾಮಿಯಲ್ಲೂ ಬರೆಸಿ ಆ ರಾಜ್ಯದ ಜಿಲ್ಲಾ ಎಸ್ಪಿಗೆ ಕಳಿಸಲು ತನಿಖಾಧಿಕಾರಿಯನ್ನು ಲಿಖಿತವಾಗಿ ಕೇಳಿ.

ಶವದ ಕಡೆಯ ಕಡತದಲ್ಲಿ ಏನಿರುತ್ತದೆ

ಅಸ್ವಾಭಾವಿಕ ಸಾವಿಗೆ ಠಾಣೆಯಲ್ಲಿ ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ಸಂಖ್ಯೆ ಬೀಳುತ್ತದೆ. 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಕಲಂ, ಆಮೇಲಿನದಾದರೆ ಬಿಎನ್ಎಸ್ಎಸ್ 194ನೇ ಕಲಂ. ಕೊಲೆಯೆಂದು ಕಂಡಿದ್ದರೆ ಪ್ರತ್ಯೇಕ ಅಪರಾಧ ಸಂಖ್ಯೆ ಇರುತ್ತದೆ. ಆರೋಪಿ ಸಿಗದೆ 'ಸಿ ರಿಪೋರ್ಟ್' ಹಾಕಿ ಮುಚ್ಚಿರಲೂಬಹುದು. ಹೊಸ ಸುಳಿವು ಸಿಕ್ಕರೆ ಅಂಥ ಕಡತವನ್ನು ಮುಂದಿನ ತನಿಖೆಗೆ ತೆರೆಯಲು ಕಾನೂನಿನಲ್ಲಿ ದಾರಿ ಇದೆ.

ಎಸ್ಪಿ ಕಚೇರಿಯ ಜಿಲ್ಲಾ ಅಪರಾಧ ದಾಖಲಾತಿ ವಿಭಾಗದಿಂದ ಶುರುಮಾಡಿ. ಅಪರಿಚಿತ ಶವಗಳ ಪಟ್ಟಿ ಅಲ್ಲಿ ಜಿಲ್ಲೆಗೆಲ್ಲ ಒಟ್ಟಾಗಿ ಸಿಗುತ್ತದೆ. ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಎಷ್ಟೋ ಅರ್ಜಿ ತಿರಸ್ಕಾರವಾಗುವುದು ಮಗ ಕಾಣೆಯಾದ ಕಥೆಯನ್ನೆಲ್ಲ ಅದರಲ್ಲೇ ಬರೆಯುವುದರಿಂದ. ಕಥೆ ಬೇಡ. 'ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಜಿಲ್ಲೆಯಲ್ಲಿ ಸಿಕ್ಕ, ಗುರುತು ಪತ್ತೆಯಾಗದ ಶವಗಳ ಠಾಣೆ, ಯುಡಿಆರ್ ಸಂಖ್ಯೆ, ದಿನಾಂಕ, ಸ್ಥಳ, ಲಿಂಗ, ಅಂದಾಜು ವಯಸ್ಸು' ಎಂದಷ್ಟೇ ಕೇಳಿ. ತನಿಖೆಗೆ ಅಡ್ಡಿಯಾಗುತ್ತದೆಂಬ ಕಾರಣ ಕೊಡಲು ಇಂಥ ಪಟ್ಟಿಯಲ್ಲಿ ಏನೂ ಇರುವುದಿಲ್ಲ.

ಪಟ್ಟಿಯಿಂದ ಒಂದೆರಡು ಸಂಖ್ಯೆ ಹೊಂದುವಂತೆ ಕಂಡರೆ ಠಾಣೆಗೆ ಹೋಗಿ ಆ ಕಡತ ನೋಡಲು ಕೇಳಬೇಕು. ಶವ ಪಂಚನಾಮೆ, ಮರಣೋತ್ತರ ಪರೀಕ್ಷಾ ವರದಿ, ಫೋಟೊ, ಜಪ್ತಿ ಮಾಡಿದ ಬಟ್ಟೆಬರೆಯ ಪಟ್ಟಿ, ಪ್ರಯೋಗಾಲಯಕ್ಕೆ ಕಳಿಸಿದ್ದರೆ ಅದರ ಸ್ವೀಕೃತಿ, ಹೂಳಿದ ಜಾಗದ ವಿವರ, ಇಷ್ಟು ಅದರಲ್ಲಿರಬೇಕು. ಠಾಣೆಯಲ್ಲಿ ಕಡತ ಸಿಗದಿದ್ದರೆ ಎದೆಗುಂದಬೇಡಿ. ಯುಡಿಆರ್ ವರದಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೂ ಹೋಗಿರುತ್ತದೆ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯ ದಾಖಲೆ ಕೊಠಡಿಯಲ್ಲಿ ಹುಡುಕಿಸಿ. ಮರಣೋತ್ತರ ಪರೀಕ್ಷೆಯ ಪ್ರತಿ ಅದನ್ನು ಮಾಡಿದ ಆಸ್ಪತ್ರೆಯಲ್ಲಿ ಇರುತ್ತದೆ. ವಾರಸುದಾರರಿಲ್ಲದ ದೇಹವನ್ನು ಕರ್ನಾಟಕ ಅಂಗರಚನಾ ಕಾಯ್ದೆಯಡಿ ವೈದ್ಯಕೀಯ ಕಾಲೇಜಿಗೆ ಕೊಡಲೂ ಅವಕಾಶವಿದೆ, ಹೂಳಿದ ದಾಖಲೆಯೇ ಸಿಗದಾಗ ಆ ಕಡೆಯ ರಿಜಿಸ್ಟರನ್ನೂ ನೋಡಬೇಕು.

ಫೋಟೊದಲ್ಲಿ ಮುಖ ನೋಡುವ ಮೊದಲು ಬಟ್ಟೆ ನೋಡಿ. ಪಂಚನಾಮೆಯಲ್ಲಿ 'ನೀಲಿ ಬಣ್ಣದ ತುಂಬು ತೋಳಿನ ಅಂಗಿ' ಎಂದಷ್ಟೇ ಬರೆದಿರುತ್ತಾರೆ. ಜಪ್ತಿಯಾದ ಅಂಗಿ ಇನ್ನೂ ಇದ್ದರೆ ಅಧಿಕಾರಿಯ ಎದುರಿಗೇ ಅದರ ಕಾಲರನ್ನು ಹಿಂದಕ್ಕೆ ಮಗುಚಿ ನೋಡಿ. ಹೊಲಿಸಿದ ಅಂಗಿಯಾದರೆ ಅಲ್ಲಿ ಬೆರಳಗಲದ ಬಟ್ಟೆ ಪಟ್ಟಿಯ ಮೇಲೆ ಟೈಲರ್ ಹೆಸರು, ಊರು, ಕೆಲವೊಮ್ಮೆ ಫೋನ್ ನಂಬರ್ ನೇಯ್ದಿರುತ್ತದೆ. ಮಣ್ಣು ಮೆತ್ತಿ ಅಕ್ಷರ ಕಾಣದಿದ್ದರೆ ಉಜ್ಜಬೇಡಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ನೇಯ್ಗೆಯ ಅಕ್ಷರಗಳ ನೆರಳು ಬಿದ್ದು ಓದಲು ಬರುತ್ತದೆ, ಹಾಗೆಯೇ ಫೋಟೊ ತೆಗೆಸಿ. ಪ್ಯಾಂಟಿನ ಸೊಂಟಪಟ್ಟಿಯ ಒಳಮಗ್ಗುಲು, ಜೇಬಿನ ಚೀಲದ ಬಟ್ಟೆ, ಮಡಿಚಿ ಹೊಲಿದ ಅಂಚು ಮೂರನ್ನೂ ನೋಡಬೇಕು. ತಾಲ್ಲೂಕು ಕೇಂದ್ರದ ಟೈಲರ್ ತನ್ನ ಕೈಯ ಹೊಲಿಗೆಯನ್ನು ವರ್ಷಗಳ ಮೇಲೂ ಗುರುತಿಸಬಲ್ಲ. ಶಾಲಾ ಸಮವಸ್ತ್ರದ ಬೆಲ್ಟಿನ ಬಕಲ್, ಚಪ್ಪಲಿಯ ಅಡಿಯ ಅಂಕಿ, ಉಡುದಾರಕ್ಕೆ ಕಟ್ಟಿದ ಬೀಗದ ಕೈ, ಕೈಮೇಲಿನ ಹಚ್ಚೆ, ಕಿವಿ ಮೂಗು ಚುಚ್ಚಿಸಿದ ತೂತುಗಳ ಲೆಕ್ಕ, ಇವು ಮೈಬಣ್ಣಕ್ಕಿಂತ ನೂರು ಪಾಲು ಮೇಲಾದ ಗುರುತು.

ವಯಸ್ಸಿನ ಅಂಕಿಯನ್ನು ನಂಬುವುದೆಷ್ಟು

ಪಂಚನಾಮೆಯಲ್ಲಿ ಬರೆದ ವಯಸ್ಸು ಕಣ್ಣಂದಾಜು. ಊದಿದ ದೇಹದಲ್ಲಿ 16ರ ಹುಡುಗ 30ರವನಂತೆ ಕಾಣುತ್ತಾನೆ. ಎಷ್ಟೋ ಎಳೆಯರು ಕಡತದಲ್ಲಿ ದೊಡ್ಡವರಾಗಿ ಹೂತುಹೋಗಿರುವುದು ಇದರಿಂದಲೇ. ಹಾಗಾಗಿ ಪಟ್ಟಿ ಸೋಸುವಾಗ 35ರವರೆಗಿನ ಅಂದಾಜನ್ನೆಲ್ಲ ಉಳಿಸಿಕೊಳ್ಳಿ.

ಗಟ್ಟಿ ಆಧಾರ ಹಲ್ಲು ಮತ್ತು ಮೂಳೆ. ಎರಡನೆಯ ದವಡೆ ಹಲ್ಲು ಸಾಮಾನ್ಯವಾಗಿ 12–14ಕ್ಕೆ ಹುಟ್ಟುತ್ತದೆ. ಬುದ್ಧಿಹಲ್ಲು 17ರಿಂದ 25ರ ನಡುವೆ, ಕೆಲವರಿಗೆ ಬರುವುದೇ ಇಲ್ಲ, ಆದ್ದರಿಂದ ಅದಿಲ್ಲವೆಂದು ಚಿಕ್ಕವರೆಂದು ತೀರ್ಮಾನಿಸಬಾರದು. ಉದ್ದ ಮೂಳೆಗಳ ತುದಿಗಳು ಹರೆಯದಲ್ಲಿ ಒಂದೊಂದಾಗಿ ಬೆಸೆದುಕೊಳ್ಳುತ್ತವೆ, ಮೊಣಕೈ ಮೊದಲು, ಮಣಿಕಟ್ಟು ಆಮೇಲೆ. ಹೆಣ್ಣುಮಕ್ಕಳಲ್ಲಿ ಇದು ಒಂದೆರಡು ವರ್ಷ ಮುಂಚೆ ಆಗುತ್ತದೆ. ಕೊರಳೆಲುಬಿನ ಎದೆಯ ಕಡೆಯ ತುದಿ ಕೊನೆಯದು, 20ರ ಆಸುಪಾಸಿನಲ್ಲಿ ಬೆಸೆಯತೊಡಗಿ 30ರ ಹೊತ್ತಿಗೆ ಪೂರ್ತಿಯಾಗುತ್ತದೆ. ಮರಣೋತ್ತರ ವರದಿಯಲ್ಲಿ ಈ ವಿವರವಿದ್ದರೆ ಅದನ್ನು ನಂಬಿ, ಇಲ್ಲದಿದ್ದರೆ ಉಳಿದಿರುವ ಮೂಳೆಯನ್ನು ನ್ಯಾಯವೈದ್ಯಶಾಸ್ತ್ರ ವಿಭಾಗದಲ್ಲಿ ಪರೀಕ್ಷೆ ಮಾಡಿಸಲು ಕೇಳಿ. ಹಾಸನದ ವೈದ್ಯಕೀಯ ಕಾಲೇಜಿನಲ್ಲಿ ಆ ವಿಭಾಗವಿದೆ. ಇನ್ನೊಂದು ಎಚ್ಚರಿಕೆ ಬೇಕು. ಹರೆಯಕ್ಕೆ ಬರದ ಮಗುವಿನ ಮೂಳೆ ನೋಡಿ ಗಂಡೋ ಹೆಣ್ಣೋ ಹೇಳುವುದು ನಂಬಲರ್ಹವಲ್ಲ. ಬರೀ ಅಸ್ಥಿ ಸಿಕ್ಕ ಕಡತದಲ್ಲಿ 'ಬಾಲಕ' ಎಂದು ಬರೆದಿದ್ದರೂ ನಿಮ್ಮ ಮಗಳ ಹುಡುಕಾಟದಿಂದ ಅದನ್ನು ಬಿಡಬೇಡಿ.

ಹೋಲಿಸುವಾಗ ಮೊದಲು 'ಇದಾಗಿರಲು ಸಾಧ್ಯವೇ ಇಲ್ಲ' ಎನ್ನಿಸುವ ಅಂಶ ಹುಡುಕಿ. ಹಾಲುಹಲ್ಲಲ್ಲದ ಶಾಶ್ವತ ಹಲ್ಲು ಕೀಳಿಸಿದರೆ ಮತ್ತೆ ಬರುವುದಿಲ್ಲ. ಮಗನ ಕೆಳದವಡೆಯ ಶಾಶ್ವತ ಹಲ್ಲು ಕೀಳಿಸಿದ್ದು, ಶವದಲ್ಲಿ ಅದೇ ಹಲ್ಲು ಇದ್ದರೆ ಅವನಲ್ಲ, ಅಲ್ಲಿಗೆ ಮುಗಿಯಿತು. ಅಂಗಿ ಬೇರೆ, ಕೂದಲು ಬೇರೆ, ತೆಳ್ಳಗಿದ್ದಾನೆ ಎಂಬ ಕಾರಣಕ್ಕೆ ಮಾತ್ರ ಯಾರನ್ನೂ ತಳ್ಳಬೇಡಿ.

ಡಿಎನ್ಎ: ಕೇಳುವ ಕ್ರಮ, ಕೆಡುವ ಬಗೆ

ಆಧಾರ್ ಬೆರಳಚ್ಚಿನಿಂದ ಗುರುತು ಹಿಡಿಯಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಹೆಸರು ಗೊತ್ತಿದ್ದವನ ಬೆರಳು ತಾಳೆ ನೋಡುವ ವ್ಯವಸ್ಥೆ ಅದು, ಅಪರಿಚಿತ ಬೆರಳನ್ನು ಕೋಟ್ಯಂತರ ಜನರಲ್ಲಿ ಹುಡುಕಿಕೊಡಲು ಕಾಯ್ದೆಯೂ ಬಿಡುವುದಿಲ್ಲ. ಕಾಣೆಯಾದವರ ಡಿಎನ್ಎ ಕೋಶ ಕಟ್ಟಲು ಅವಕಾಶವಿದ್ದ 2019ರ ಮಸೂದೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಹಿಂದಕ್ಕೆ ಪಡೆಯಿತು. ಆದ್ದರಿಂದ ನಮ್ಮಲ್ಲಿ ಡಿಎನ್ಎ ತಾನಾಗಿ ಯಾರನ್ನೂ ಹುಡುಕಿ ಕೊಡುವುದಿಲ್ಲ. 'ಈ ಶವ, ಈ ತಂದೆ ತಾಯಿ' ಎಂದು ಎರಡನ್ನೂ ಎದುರಿಗಿಟ್ಟರೆ ಮಾತ್ರ ಉತ್ತರ ಕೊಡುತ್ತದೆ. ಇಷ್ಟು ಹೊತ್ತು ಹೇಳಿದ ಕಾಗದದ ಕೆಲಸ ಅದಕ್ಕಾಗಿಯೇ.

ಶವದ ಕಡೆಯ ತನಿಖಾಧಿಕಾರಿಗೆ ಅರ್ಜಿ ಕೊಡಿ. ಕಾಣೆ ಪ್ರಕರಣದ ಅಪರಾಧ ಸಂಖ್ಯೆ, ಯುಡಿಆರ್ ಸಂಖ್ಯೆ, ಹೊಂದುವ ಅಂಶಗಳು, ರಕ್ತ ಕೊಡಲು ನಮ್ಮ ಒಪ್ಪಿಗೆ ಇದೆ ಎಂಬ ಮಾತು ಅದರಲ್ಲಿರಲಿ. ಒಂದು ಪ್ರತಿ ಎಸ್ಪಿಗೆ ಕೊಟ್ಟು ಎರಡಕ್ಕೂ ಸ್ವೀಕೃತಿ ಪಡೆಯಿರಿ. ಮಾದರಿಗಳು ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಅಥವಾ ಇಲಾಖೆ ಸೂಚಿಸಿದ ಪ್ರಾದೇಶಿಕ ಪ್ರಯೋಗಾಲಯಕ್ಕೆ ಪೊಲೀಸರ ಮೂಲಕವೇ ಹೋಗಬೇಕು. ಖಾಸಗಿ ಲ್ಯಾಬಿಗೆ ನೀವೇ ಕಳಿಸಿದರೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇಲ್ಲದೆ ಫಲಿತಾಂಶ ನಿಲ್ಲದು.

ತಂದೆ ತಾಯಿ ಇಬ್ಬರೂ ಕೊಟ್ಟರೆ ಉತ್ತರ ಗಟ್ಟಿ. ಒಬ್ಬರೇ ಇದ್ದರೆ ಒಡಹುಟ್ಟಿದವರೂ ಕೊಡಲಿ, ಎಷ್ಟು ಜನ ಕೊಟ್ಟರೆ ಅಷ್ಟು ಒಳ್ಳೆಯದು. ಇಬ್ಬರೂ ತೀರಿಹೋಗಿದ್ದರೆ ತಾಯಿಯ ಒಡಹುಟ್ಟಿದ ಅಕ್ಕತಂಗಿಯರು ಮತ್ತು ಸೋದರಮಾವ, ಗಂಡುಮಗನಾದರೆ ತಂದೆಯ ಅಣ್ಣತಮ್ಮಂದಿರು ಉಪಯೋಗಕ್ಕೆ ಬರುತ್ತಾರೆ. ಆದರೆ ಅದು ವಂಶದ ಎಳೆಯನ್ನಷ್ಟೇ ತೋರಿಸುತ್ತದೆ, ವ್ಯಕ್ತಿಯನ್ನಲ್ಲ. ಮಗು ದತ್ತು ಬಂದದ್ದೋ, ಬೇರೆ ಸಂಬಂಧದ್ದೋ ಆಗಿದ್ದರೆ ಹೋಲಿಕೆ ತಪ್ಪಿ ನಿಜವಾದ ಮಗುವನ್ನೇ 'ಅಲ್ಲ' ಎಂದು ಬಿಟ್ಟುಬಿಡುವ ಅಪಾಯವಿದೆ. ಈ ಮಾತನ್ನು ತಾಯಿಯೊಬ್ಬಳನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಹೆಣ್ಣುಮಗಳೊಬ್ಬಳು ಮೆಲ್ಲಗೆ ಕೇಳಬೇಕು. ನೆರೆದವರ ಎದುರು ಎತ್ತಬಾರದು.

ಶವದ ಕಡೆಯಿಂದ ದವಡೆ ಹಲ್ಲು, ತೊಡೆಯ ಮೂಳೆ ಒಳ್ಳೆಯ ಮಾದರಿ. ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟ ಅಂಗದಿಂದ ಡಿಎನ್ಎ ತೆಗೆಯುವುದು ಬಹಳ ಕಷ್ಟ, ಹಳೆಯ ಪ್ರಕರಣಗಳಲ್ಲಿ ಪರೀಕ್ಷೆ ವಿಫಲವಾಗಲು ಇದೊಂದು ಮುಖ್ಯ ಕಾರಣ. ಬೂದು ಬಿಳುಪಾಗುವಷ್ಟು ಸುಟ್ಟ ಮೂಳೆಯಲ್ಲಿ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಗುರುತು ಸಿಗದ ಶವವನ್ನು ಸುಡದೆ ಹೂಳಬೇಕು. ಪಂಚಾಯಿತಿ ಸದಸ್ಯರು ಸ್ಥಳದಲ್ಲಿದ್ದರೆ ಇಷ್ಟನ್ನು ಒತ್ತಾಯಿಸಲಿ, ಹೂಳಿದ ಜಾಗಕ್ಕೆ ಯುಡಿಆರ್ ಸಂಖ್ಯೆ ಕೊರೆದ ಕಲ್ಲು ನೆಡಿಸಿ ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಬರೆಸಲಿ.

ಹೂತ ಶವ ತೆಗೆಯಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇಷ್ಟು ವರ್ಷದೊಳಗೆ ಎಂಬ ಮಿತಿ ನಮ್ಮ ಕಾನೂನಿನಲ್ಲಿಲ್ಲ. ಮಣ್ಣಿನ ಮಿತಿ ಮಾತ್ರ ಇದೆ. ಮಲೆನಾಡಿನ ಮಣ್ಣು ಹುಳಿ, ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಆ ಹುಳಿಯೂ ಸುರಿಯುವ ಮಳೆಯೂ ಸೇರಿ ಮೂಳೆಯನ್ನು ಬೇಗ ತಿನ್ನುತ್ತವೆ. ಕಡೂರು, ಅರಸೀಕೆರೆಯಂಥ ಒಣ ಸೀಮೆಯಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಮೂಡಿಗೆರೆ, ಶೃಂಗೇರಿ ಕಡೆಯದಾದರೆ ಇನ್ನೊಂದು ಮಳೆಗಾಲ ಕಾಯಿಸಬೇಡಿ. ಮೂಳೆ ಮೆತ್ತಗಾಗಿದ್ದರೂ ಹಲ್ಲು ಗಟ್ಟಿಯಾಗಿರುತ್ತದೆ, ಮಣ್ಣನ್ನು ಜರಡಿ ಹಿಡಿಸಿ.

ಹಂಚಿಕೊಳ್ಳುವಾಗ

ಶವದ ಮುಖದ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮಗುವಾಗಿದ್ದರೆ, ಲೈಂಗಿಕ ಅಪರಾಧದ ಅನುಮಾನವಿದ್ದರೆ ಗುರುತು ಬಯಲು ಮಾಡುವುದೇ ಅಪರಾಧ, ಸತ್ತವರಿಗೂ ಆ ರಕ್ಷಣೆ ಇದೆ. ತಾಯಿಯೊಬ್ಬಳು ಮಗನ ಸಾವನ್ನು ಮೊಬೈಲ್ ಪರದೆಯಲ್ಲಿ ಕಾಣುವಂತಾಗಬಾರದು. ಬಟ್ಟೆ, ಟೈಲರ್ ಪಟ್ಟಿ, ಚಪ್ಪಲಿ, ಹಚ್ಚೆಯ ಚಿತ್ರವನ್ನು ತನಿಖಾಧಿಕಾರಿಯ ಒಪ್ಪಿಗೆ ಪಡೆದು ಹಂಚಬಹುದು. ಒಂದೆರಡು ಗುರುತನ್ನು ಬೇಕೆಂದೇ ಹೇಳದೆ ಉಳಿಸಿಕೊಳ್ಳಿ, ಕರೆ ಮಾಡಿದವರು ನಿಜವಾಗಿ ಬಲ್ಲವರೇ ಎಂದು ಅದರಿಂದ ತಿಳಿಯುತ್ತದೆ. ಮನೆಯ ಫೋನ್ ನಂಬರ್ ಹಾಕಿದರೆ 'ನಿಮ್ಮ ಮಗ ನಮ್ಮ ಬಳಿ ಇದ್ದಾನೆ, ದುಡ್ಡು ಕಳಿಸಿ' ಎಂಬ ಮೋಸದ ಕರೆಗಳು ಬರುತ್ತವೆ. ಠಾಣೆಯ ನಂಬರ್ ಮತ್ತು ತುರ್ತು ಕರೆಯ 112 ಹಾಕಿದರೆ ಸಾಕು. ಮಗು ಬದುಕಿರುವ ಸುಳಿವು ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ.

ಹೊಂದಿಕೆಯಾದ ಮೇಲೆ

ವರದಿ ಬಂದಾಗ ಫೋನಿನಲ್ಲಿ ಹೇಳಿಸಬೇಡಿ. ಮನೆಗೆ ಹೋಗಿ, ಬಂಧುಗಳಲ್ಲಿ ಗಟ್ಟಿಗರೊಬ್ಬರನ್ನು ಮೊದಲೇ ಕರೆಸಿಕೊಂಡು ಹೇಳಲಿ. ಅಸ್ಥಿಯನ್ನು ಮನೆಯವರಿಗೆ ಒಪ್ಪಿಸಲು ಬರವಣಿಗೆಯಲ್ಲಿ ಕೇಳಬೇಕು, ಕೊಲೆ ಪ್ರಕರಣವಾದರೆ ನ್ಯಾಯಾಲಯದ ಅನುಮತಿ ಬೇಕಾಗಬಹುದು. ಕಾಣೆ ಪ್ರಕರಣವನ್ನು ಮುಚ್ಚುವಾಗ ಶವದ ಕಡತದ ಸಂಖ್ಯೆಯನ್ನು ಕಾಣೆ ಕಡತದಲ್ಲೂ, ಕಾಣೆ ಪ್ರಕರಣದ ಸಂಖ್ಯೆಯನ್ನು ಶವದ ಕಡತದಲ್ಲೂ ಬರೆಸಿ.

ಮರಣ ಪ್ರಮಾಣಪತ್ರದ ಕೆಲಸ ಕೊನೆಗೆ ಉಳಿಯುತ್ತದೆ. ಶವ ಸಿಕ್ಕಾಗಲೇ 'ಅಪರಿಚಿತ ಗಂಡಸು' ಎಂದು ಮರಣ ನೋಂದಣಿಯಾಗಿದ್ದರೆ ಆ ನಮೂದನ್ನೇ ತಿದ್ದಿಸಬೇಕು, ಇನ್ನೊಂದು ನೋಂದಣಿ ಮಾಡಿಸಬಾರದು. ನೋಂದಣಿಯೇ ಆಗದೆ ಒಂದು ವರ್ಷ ದಾಟಿದ್ದರೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಡಿಎನ್ಎ ವರದಿ, ಪಂಚನಾಮೆ, ಮರಣೋತ್ತರ ವರದಿಯ ದೃಢೀಕೃತ ಪ್ರತಿಗಳನ್ನು ಅರ್ಜಿಗೆ ಲಗತ್ತಿಸಿ. ಹೆಸರನ್ನು ಶಾಲೆಯ ವರ್ಗಾವಣೆ ಪತ್ರದಲ್ಲಿ ಇದ್ದಂತೆಯೇ, ಇನಿಶಿಯಲ್ ಸಮೇತ ಬರೆಸಿ, ಸಹಿ ಹಾಕುವ ಮೊದಲು ತಾಯಿಗೆ ಒಮ್ಮೆ ಓದಿ ಹೇಳಿ.